ಘಟಕ ಎರಡು, ಸಾಲು ನಾಲ್ಕು

ಫೆಬ್ರವರಿಯ ಕೊನೆಯ ದಿನ, ಸಂಜೆ ಐದರೊಳಗೆ
ಏಳು ಪ್ರತಿ, ಸುರುಳಿ ಬೈಂಡು, ಪುಟಪುಟಕ್ಕೂ ಸಹಿ.
ಹೊಸ ಪದವಿಗೆ ವಿಶ್ವವಿದ್ಯಾಲಯದ ಮಂಜೂರಾತಿ ಬೇಕೆಂದರೆ
ಮೊದಲು ಅದಕ್ಕೊಂದು ಹೆಸರು ಬೇಕು.
ನಾನು ಬರೆದದ್ದು: ಗುಡ್ಡ ಮತ್ತು ಮಣ್ಣಿನ ಅಧ್ಯಯನ.
ದೇಚಮ್ಮ ಮೇಡಂ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ
‘ಇಳಿಜಾರು ಮ್ಯಾನೇಜ್‌ಮೆಂಟ್’ ಎಂದರು.
ಮ್ಯಾನೇಜ್‌ಮೆಂಟ್ ಇಲ್ಲದ ಕೋರ್ಸಿಗೆ
ಮಡಿಕೇರಿಯ ಯಾವ ತಾಯಿ ಮಗಳನ್ನು ಕಳಿಸುತ್ತಾಳೆ?

ಚಹಾ ತಂದ ಅಟೆಂಡರ್ ಜೋಯಪ್ಪ
ನನ್ನ ಹೆಗಲ ಮೇಲಿಂದ ಬಗ್ಗಿ ಓದಿದ.
‘ಗುಡ್ಡವನ್ನು ಮ್ಯಾನೇಜ್ ಮಾಡುವುದಾ ಸಾರ್?’
ಲೋಟ ಇಟ್ಟು ಹೋದ.

ಕೋಷ್ಟಕ ಮೂರು: ಬೋಧಕರು.
ಕಾಯಂ ಇಬ್ಬರು, ಪಿಎಚ್‌ಡಿ ಒಬ್ಬರಿಗಾದರೂ.
ನಾನು ಅತಿಥಿ. ಹನ್ನೊಂದು ವರ್ಷದಿಂದ ಅತಿಥಿ.
ಇಷ್ಟು ಕಾಲ ಕೂತ ನೆಂಟನಿಗೆ
ಯಾವ ಮನೆಯವರಾದರೂ
ಒಂದು ಚಾಪೆಯನ್ನು ಸ್ವಂತಕ್ಕೆ ಕೊಡುತ್ತಿದ್ದರು.
ನಾನೇ ಹೆಣೆದ ಕೋರ್ಸಿನಲ್ಲಿ ಪಾಠ ಮಾಡಲು
ನನಗೆ ಅರ್ಹತೆ ಇಲ್ಲವೆಂದು
ನಾನೇ ಟೈಪು ಮಾಡಿದೆ, ನುಡಿಯಲ್ಲಿ,
ಹದಿನಾಲ್ಕರ ಅಕ್ಷರದಲ್ಲಿ.

ಕೋಷ್ಟಕ ಐದು: ಈ ಪದವಿಯ ಸ್ಥಳೀಯ ಅಗತ್ಯ.
ಇನ್ನೂರೈವತ್ತು ಪದ ಮೀರದಂತೆ.
ಕಿಟಕಿಯಾಚೆ ಗುಡ್ಡದ ಮೈಯಲ್ಲಿ
ಆ ಆಗಸ್ಟಿನ ಗೆರೆ, ನೆತ್ತಿಯಿಂದ ಬುಡಕ್ಕೆ.
ಹುಲ್ಲು ಹತ್ತಿದೆ, ಹಸಿರೂ ಆಗಿದೆ,
ಆದರೆ ಪಕ್ಕದ ಹಸಿರಿನ ಹಾಗಲ್ಲ;
ತೇಪೆಯ ಅಂಗಿಯನ್ನು ದರ್ಜಿಯ ಮಗ ದೂರದಿಂದಲೇ ಗುರುತಿಸುವಂತೆ
ನಮಗೆಲ್ಲ ಅದು ಗೊತ್ತಾಗುತ್ತದೆ.
ಮೂವತ್ತೊಂದು ಪದಕ್ಕೆ ನಿಂತೆ.

ಲೈಟು ಆರಿಸಲು ಬಂದ ಜೋಯಪ್ಪ
ಆರಿಸದೆ ಬೆಂಚಿನ ತುದಿಯಲ್ಲಿ ಕೂತ.
‘ಒಂದು ವಾರದಿಂದ ಬಾಗಿಲು ಹಾಕ್ಲಿಕ್ಕೆ ಆಗ್ತಿರಲಿಲ್ಲ ಸಾರ್.
ಚೌಕಟ್ಟಿಗೆ ಹಿಡೀತಿತ್ತು. ಥಂಡಿಗೆ ಮರ ಉಬ್ಬಿದೆ ಅಂತ
ಬಡಗಿ ಉಸ್ಮಾನನನ್ನು ಕರೆಸಿದೆ.
ಅವ ಕೀಸುಳಿ ಹಾಕಿ ಹಾಕಿ ಅರ್ಧ ಬೆರಳು ಕಡಿಮೆ ಮಾಡಿದ.
ಎರಡು ದಿನ ಸರಿಯಿತ್ತು. ಮತ್ತೆ ಹಿಡೀತು.
ಮತ್ತೆ ಕೀಸಿದ. ನೂರೈವತ್ತು ರೂಪಾಯಿ ಕೊಟ್ಟೆ.
ಬಾಗಿಲು ಉಬ್ಬಿರಲಿಲ್ಲ ಸಾರ್.
ನೆಲ ನಡೀತಾ ಇತ್ತು.’

ಅಷ್ಟೇ ಹೇಳಿದ. ಆಮೇಲಿನದನ್ನು
ನಾನು ಕೇಳಲಿಲ್ಲ, ಊರಿಗೇ ಗೊತ್ತು.
ಈಗ ಅವನಿರುವುದು ಸರ್ಕಾರ ಕೊಟ್ಟ ಮನೆಯಲ್ಲಿ,
ಸಪಾಟು ನೆಲ, ಬಾಗಿಲು ಕಬ್ಬಿಣದ್ದು.

ಆ ರಾತ್ರಿ ಪಠ್ಯಕ್ರಮ ತಿದ್ದಿದೆ.
ಕಲಿಕೆಯ ಫಲಗಳು ಕ್ರಿಯಾಪದದಲ್ಲೇ ಮುಗಿಯಬೇಕು:
ವಿವರಿಸುವರು, ವಿಶ್ಲೇಷಿಸುವರು, ಅನ್ವಯಿಸುವರು.
ಘಟಕ ಎರಡು, ಸಾಲು ನಾಲ್ಕರಲ್ಲಿ ಸೇರಿಸಿದೆ:
ಬಾಗಿಲು ಹಿಡಿದರೆ ವಿದ್ಯಾರ್ಥಿಗಳು
ಬಡಗಿಯನ್ನು ಕರೆಯುವ ಮೊದಲು
ಹೊರಗೆ ಬಂದು ಗುಡ್ಡವನ್ನು ನೋಡುವರು.
ಎರಡು ಕ್ರೆಡಿಟ್.
ಉಲ್ಲೇಖ ಗ್ರಂಥದ ಮನೆ ಲೇಖಕ, ಪ್ರಕಾಶಕ, ಆವೃತ್ತಿ ಕೇಳುತ್ತಿತ್ತು.
ಖಾಲಿ ಬಿಟ್ಟೆ.

ಕುಶಾಲನಗರದ ಬಸ್ಸಿನಲ್ಲಿ ಏಳು ಪ್ರತಿ ತೊಡೆಯ ಮೇಲೆ;
ತಿರುವು ಬಂದಾಗೆಲ್ಲ ಜಾರಲು ನೋಡುತ್ತಿದ್ದವು.
ಆನೆಕಾಡಿನಲ್ಲಿ ಬಸ್ಸು ನಿಂತಿತು,
ದಾಟುವವರು ದಾಟಿ ಮುಗಿಯುವ ತನಕ.
ಹೂಮಳೆ ಬಿದ್ದ ಕಾಫಿಯ ಘಮ ಕಡತಕ್ಕೂ ಹತ್ತಿತ್ತೇನೋ,
ಗುಮಾಸ್ತ ಪುಟ ಎಣಿಸುತ್ತ ಎರಡು ಸಲ ಸೀನಿ
‘ಸ್ವೀಕೃತ’ ಒತ್ತಿದ. ಐದಕ್ಕೆ ನಾಲ್ಕು ನಿಮಿಷವಿತ್ತು.

ಮೇ ತಿಂಗಳಲ್ಲಿ ಪತ್ರ ಬಂತು.
ತಿರಸ್ಕಾರವಲ್ಲ, ಮಂಜೂರಾತಿಯೂ ಅಲ್ಲ.
‘ಘಟಕ ೨, ಸಾಲು ೪: ಬಾಗಿಲು ಎಂಬುದರ ಬಗ್ಗೆ
ಹದಿನೈದು ದಿನದೊಳಗೆ ಸ್ಪಷ್ಟೀಕರಣ ಸಲ್ಲಿಸತಕ್ಕದ್ದು.’

ಜೋಯಪ್ಪನಿಗೆ ಓದಿ ಹೇಳಿದೆ.
ಚಹಾದ ಲೋಟಗಳನ್ನು ಒಂದರೊಳಗೊಂದು ಕೂರಿಸುತ್ತ
ಅವನು ಸ್ವಲ್ಪ ಹೊತ್ತು ಯೋಚಿಸಿದ.
‘ಯಾವ ಬಾಗಿಲು ಕೇಳಿದ್ದಾರೆ ಸಾರ್,
ಮುಂದಿನದಾ, ಹಿಂದಿನದಾ?’