ಹದಿನಾಲ್ಕು ಕಿಲೋಮೀಟರ್

ವಾಸ್ಕೋದಾಗ, ಮಾಂಗೋರ್ ಗುಡ್ಡದ ಬುಡಕ ನನ್ನ ಅಂಗಡಿ.
ಅಂಗಡಿ ಅಂದರ ಒಂದು ಮೇಜು, ವಾಚಿನವರ ಭೂತಗನ್ನಡಿ,
ಸಣ್ಣ ಇಕ್ಕಳ, ಒಂದು ಡಬ್ಬಿ ತುಂಬ ಹಲ್ಲು ಮುರಿದ ಚಕ್ರ.
ಬೋರ್ಡಿನ ಮ್ಯಾಲ ‘ಮೀಟರ್ ರಿಪೇರಿ’ ಅಂತ ಅಷ್ಟ ಐತಿ.
ಉಳಿದದ್ದನ್ನ ಬರಿಯೂದಿಲ್ಲ,
ಕೇಳಿಕೋತ ಬರ್ತಾರ.

ಸಂಜೀಮುಂದ ಬರ್ತಾರ, ದನಿ ಇಳಿಸಿ ಮಾತಾಡ್ತಾರ.
‘ಶಿವಪುತ್ರಣ್ಣಾ, ನಾಳೆ ಗಿರಾಕಿ ಬರ್ತಾನ.
ಎಂಬತ್ತು ಸಾವಿರ ಕೂತೈತಿ, ನಲವತ್ತಕ್ಕ ಇಳಸು.’
ಇಳಸೀನಿ. ಸುಳ್ಯಾಕ ಹೇಳ್ಲಿ.
ಅಂಕಿಯ ಗಾಲಿ ಒಂದು ಹಿಂದಕ ಸರಿಸಿದರ
ಆ ಗಾಡಿ ಮಡಗಾವಿಗೆ ಹೋಗೇ ಇಲ್ಲ.
ಇನ್ನೊಂದು ಸರಿಸಿದರ
ಅದರಾಗ ದವಾಖಾನಿಗೆ ಹೋದ ಬಾಣಂತಿ
ಇನ್ನೂ ಮದುವೀನ ಆಗಿಲ್ಲ.
ಐದುನೂರು ರೂಪಾಯಿ, ಚಾ ಬ್ಯಾರೆ.

ಮೀಟರಿನ ಬಾಯಿ ಮುಚ್ಚಿಸಿದರ ಮುಗೀತೇನು?
ಬ್ರೇಕಿನ ರಬ್ಬರ್ ಒಂದ ಕಡೆ ಸವದು
ಒಳಗಿನ ಕಬ್ಬಿಣ ಹಣಿಕಿ ಹಾಕತಿರತೈತಿ.
ಸ್ಟೇರಿಂಗು ಬಲಗೈ ಹಿಡಿಯೂ ಜಾಗಾದಾಗ ಬೋಳು.
ಊರಿಗೆ ಬಂದಾಕಿ ನೀರಿಗೆ ಬರಲಾರದ ಇರ್ತಾಳೇನು?

ಮೆನಿನೊ ಬಂದದ್ದು ಮಧ್ಯಾಹ್ನ,
ಎಲ್ಲಾರೂ ನೋಡೂ ಹೊತ್ತಿನಾಗ.
ಅವನ ಓಮ್ನಿ ಕುಟ್ಠಾಳಿ ಸೇತುವೆ ಮ್ಯಾಲ ಹೊಗಿ ಕಾರಿ ನಿಂತಿತ್ತು.
ಮೀಟರ್ ಸುಟ್ಟು ಕರಕಲು.
ಒಂದು ಲಕ್ಷ ಎಂಬತ್ತೇಳು ಸಾವಿರದ
ಮುನ್ನೂರ ನಲವತ್ತೆರಡಕ್ಕ ಅದರ ಉಸರು ನಿಂತಿತ್ತು.

ನನ್ನ ಹತ್ತರ ಇನ್ನೊಂದು ಇತ್ತು, ಬೆಳಗಾವಿ ಗುಜರಿಯದು,
ನಲವತ್ಮೂರು ಸಾವಿರದ ಆರು.
‘ಇದ ಇರ್ಲಿ ಬಿಡು,’ ಅಂದೆ, ‘ತಾನ ಇಳದೈತಿ.
ನಿನ್ನ ಕೈಗೂ ಪಾಪಿಲ್ಲ, ನನ್ನ ಕೈಗೂ.’
ಅವ ಬೀಡಿ ಆರಿಸಿ ಅಂದ:
‘ಅದು ಯಾವನೋ ಬೆಳಗಾವಿಯವನ ಓಡಾಟ.
ಅವನ ದಾರಿ ನಾ ಯಾಕ ಮಾರಲಿ? ನಂದು ಹಾಕು.
ಹದಿನಾಲ್ಕು ಕೂಡಿಸಿ ಹಾಕು.’
‘ಯಾವ ಹದಿನಾಲ್ಕೋ?’
‘ಸೇತುವೆಯಿಂದ ಇಲ್ಲೀತನ. ಹಗ್ಗ ಕಟ್ಟಿ ಎಳಕೊಂಡು ಬಂದದ್ದು.’
‘ಇಂಜಿನ್ ಬಂದ್ ಇತ್ತಲ್ಲೋ!’
‘ಗಾಲಿ ತಿರಗಿದುವೋ ಇಲ್ಲೋ?’

ಹದಿನೆಂಟು ವರ್ಷದಾಗ ಏರಿಸು ಅಂತ ಬಂದವ ಇವನೊಬ್ಬನ.
ನನ್ನ ಇಕ್ಕಳಕ್ಕ ಮುಂದಕ ಹೋಗೂದು ರೂಢಿ ಇದ್ದಿಲ್ಲ.
ಒಂದು. ಎಂಟು. ಏಳು ಅರ್ಧಕ್ಕ ತಡದು
ಎಂಟರ ನೆತ್ತಿ ತೋರಿಸ್ತು, ಬಡದು ಕೂಡಿಸಿದೆ.
ಮೂರು. ಐದು. ಆರು.

ತಿರಗಸ್ತಾ ತಿರಗಸ್ತಾ ತಾಳಿಕೋಟಿ ಸಾಲಿ ನೆನಪಾತು.
ಗುರುಗಳು ತಲಿ ಮ್ಯಾಲಿಂದ ಕೈ ಹಾಯಿಸಿ
ಆ ಕಡೆ ಕಿವಿ ಮುಟ್ಟಸಿದರು,
ಮುಟ್ಟಿತು ಅಂದಮ್ಯಾಲ ಜೂನ್ ಒಂದು ಅಂತ ಬರದರು.
ನಾ ಹುಟ್ಟಿದ್ದು ಸಜ್ಜಿ ರಾಶಿ ಹೊತ್ತಿಗೆ, ಅಂತಿದ್ಳು ಅವ್ವ.
ಯಾವ ವರ್ಷದ ಸಜ್ಜಿ, ಅದು ಅಕಿಗೂ ಗೊತ್ತಿಲ್ಲ.
ಕಾಗದದಾಗ ನಾ ಎರಡು ವರ್ಷ ಕಡಿಮಿ ಓಡೇನಿ.
ಮೊಣಕಾಲು ಕಾಗದ ಓದೂದಿಲ್ಲ.

ಗಾಡಿ ಚಿಕಾಲಿಯ ಒಬ್ಬ ಪಾವ್ ಮಾರಾವಗ ಹೋತು,
ಮೆನಿನೊ ಎಣಿಸಿದ್ದಕ್ಕಿಂತ ಮೂವತ್ತು ಸಾವಿರ ಕಡಿಮಿಗೆ.
ಬಂದು ನನಗ ಬೈದ, ನಾನ ಏರಿಸಿದವನಂಗ.
ಬೈದು, ಚಾ ಕುಡದು, ಎದ್ದು ಹೋಗೂ ಮುಂದ ಅಂದ:
‘ಸ್ಕೂಟರ್ ಮ್ಯಾಲ ಅಳದು ನೋಡಿದೆ.
ಹದಿಮೂರೂವರಿನ ಐತಿ.
ಅರ್ಧ ಹೆಚ್ಚಾತು.’

ಅವತ್ತ ಸಂಜೀಮುಂದ ಇನ್ನೊಬ್ಬ ಬಂದು ದನಿ ಇಳಿಸಿದ.
‘ಇವತ್ತ ಕೈ ನೋಯ್ತೈತಿ, ನಾಳೆ ಬಾ,’ ಅಂದೆ.
ನಾಳೆ ಏನಂತೀನೋ ಗೊತ್ತಿಲ್ಲ.
ಐದನೇ ತಾರೀಖಿಗೆ ಅಂಗಡಿ ಬಾಡಿಗಿ.
ಇವತ್ತ ಮೂರು.