ಕರುಳಿನ ತಂತಿ

ಕ್ಯಾಂಪಿನ ಚರ್ಚಿನ ಹೆಂಚಿನ ಮ್ಯಾಲ ಮಳಿ
ಮೂರು ದಿನದಿಂದ ಕೂತ ಬೀಗರ ಹಂಗ, ಏಳವಲ್ದು.
ಜರ್ಮನಿಯಿಂದ ಬಂದ ಹದಿನಾಲ್ಕು ಪಿಟೀಲಿಗೆ
ಉಕ್ಕಿನ ತಂತಿ ಇಲ್ಲ. ಕುರಿಯ ಕರುಳು.
ಬೆಳಗಾವಿಯ ಥಂಡಿಗೆ ಸೆಟಗೊಂಡು ಮಾತು ಕೇಳವಲ್ಲವು.
ತಿರುವುತಾರ, ಒರಸ್ತಾರ, ಮತ್ತ ತಿರುವುತಾರ.

'ಆ ಕಾಲದಾಗ ಹೆಂಗ ಕೇಳಿಸ್ತಿತ್ತೋ ಹಂಗಽ ಕೇಳಿಸಬೇಕು'
ಅಂತಾರ ಪ್ರುಡೆನ್ಸಿಯೊ ಮಾಸ್ತರು.
ಶ್ರುತಿ ಅರ್ಧ ಪಟ್ಟಿ ಕೆಳಗಿಳಿಸ್ಯಾರ.
ಆರು ತಿಂಗಳು ಹಾರ್ಮೋನಿಯಂ ಹಿಡಿದು ಕಲಿತ ನಾವು
ಮೆಟ್ಟಿಲಾ ಐತಿ ಅಂತ ಇಟ್ಟ ಕಾಲು ಗಾಳಿಗೆ ಬಿದ್ದಂಗ
ಬೀಳ್ತೀವಿ ಹಾಡಿನೊಳಗ.

ನಾನು ಆಲ್ಟೊ, ಎರಡನೇ ಸಾಲು, ಕಂಬದ ಮಗ್ಗಲ.
ರಾತ್ರಿ ಪಾಳಿ ಮುಗಿಸಿ ಬಂದೀನಿ.
ಟೆಂಪರೇಚರ್ ಬರಿಯೋ ವಹಿಯ ಹಿಂದಿನ ಹಾಳ್ಯಾಗ
ಜರ್ಮನ್ ಮಾತು ಕನ್ನಡದಾಗ ಬರಕೊಂಡೀನಿ.
'ಹೆರ್' ಅಂದ್ರ ಅವರಲ್ಲಿ ಕರ್ತ.
ನನಗ ನಗು.
ನನ್ನ ವಾರ್ಡಿನ ಬೋರ್ಡು ಸುರುವಾಗೋದೂ ಅದೇ ಸಪ್ಪಳದಿಂದ.

ಕಥಿ ಯೋನನದು. ಮೀನಿನ ಹೊಟ್ಟ್ಯಾಗ ಮೂರು ದಿನ.
ಎಲಿಷಾ ಕಾಕಾನ ಬಾಸ್ ದನಿ, ತೊಯ್ದ ಕಂಬಳಿಯಷ್ಟು ಭಾರ.
ಆಮ್ಯಾಲ ಬಿರುಗಾಳಿ. ಅದಕ್ಕ ತಾಮ್ರದ ಜೋಡಿ ನಗಾರಿ.
ಅದರ ತೊಗಲು ನೀರು ಕುಡಿದು
'ಬೊದ್' ಅಂತದ, ನಾದಿದ ಹಿಟ್ಟಿಗೆ ಬಡಿದಂಗ.
ಬಾರಿಸೋ ಪೋರಿ ಅಳೋದೊಂದು ಬಾಕಿ.

ಕುರ್ಚಿ ಹಾಕಲಿಕ್ಕೆ ಬಂದ ಲಗಮಣ್ಣ ಬಾಗಿಲದಾಗ ನಿಂತಿದ್ದ.
ಹಲಗಿ ಬಾರಿಸೋ ಮನಿತನ.
ಯಾರನ್ನೂ ಕೇಳಲಿಲ್ಲ.
ಚಹಾದವನ ಶೇಗಡಿ ತಂದ, ನಗಾರಿ ವಾಲಿಸಿ ಹಿಡಿದ,
ಕೆಂಡಕ್ಕೂ ತೊಗಲಿಗೂ ನಡುವ
ತನ್ನ ಅಂಗೈ ಇಟ್ಟು ಕಾವು ಅಳೆದ.
ಪೋರಿ ಬಾಯಿಗೆ ಕೈ ಇಟ್ಕೊಂಡ್ಳು.
ಒಂದು ಬೆರಳಲೆ ತಟ್ಟಿ, ಕಿವಿ ಹಚ್ಚಿ ಅಂದ:
'ತಗೋ ತಂಗೀ. ಈಗ ಮಾತಾಡ್ತದ.'

ಕಾರ್ಯಕ್ರಮದ ಹಾಳ್ಯಾಗ ಎಲ್ಲರ ಹೆಸರು ಅದಾವ,
ಹೂವಿನ ಗುಚ್ಛ ಕೊಟ್ಟ ಅಂಗಡಿಯವರದೂ.
ಅವಂದಿಲ್ಲ.
ಆದರ ಅಂವ ಸಂಜಿಯಿಡೀ ಕಂಬದ ಹಿಂದ, ಕೆಂಡದ ಮುಂದ,
ಎರಡು ಭಾಗದ ನಡುವ ಓಡಿ ಬಂದು ಕಾಸಿ ಹೋಗ್ತಿದ್ದ.

ಕಡಿಗೆ ಮೀನು ಬಾಯಿ ತೆರೀತು.
ನಗಾರಿ ಗುಡುಗಿತು. ಹೊರಗಿನ ಮಳಿ ಯಾವುದು,
ಒಳಗಿಂದು ಯಾವುದು, ತಿಳೀಲಿಲ್ಲ.
ಎಂಬತ್ತು ಕೊರಳು ಒಮ್ಮೆಲೆ 'ಹೆರ್' ಅಂದ್ವು,
ಎಲ್ಲೋ ಒಂದು ಪಿಟೀಲಿನ ಕರುಳು
ಫಟ್ ಅಂತ ಹರೀತು. ಯಾರೂ ನಿಲ್ಲಲಿಲ್ಲ.

ನನ್ನ ಕೈ ತಾವಽ ಮುಂದಾದ್ವು, ವಹಿ ಬಿತ್ತು,
ಜಾರಿ ಬರೋ ತಲಿ ಹಿಡಿಯೋವಂಗ ಬೊಗಸಿ.
ರೂಢಿ ನೋಡ್ರಿ,
ಗಡಿಯಾರನೂ ನೋಡಿಬಿಟ್ಟೆ:
ಎಂಟು ನಲವತ್ತು.