ಸೈಲೆನ್ಸರ್ ಮಟ್ಟ

ಕಮ್ಮನಹಳ್ಳಿ, ಬೇಕರಿಯ ಮೇಲಿನ ಮಹಡಿ.
ಕೆಳಗಿಂದ ದಿಲ್‌ಪಸಂದಿನ ವಾಸನೆ,
ಮೇಲೆ ನಾವು ಮೂವರು, ಒಂದು ವೈಟ್‌ಬೋರ್ಡು, ಒಂದು ಪ್ರಶ್ನೆ:
ನೀರಿನ ಸುದ್ದಿ ಯಾರಿಂದ ತರಿಸೋಣ?

ಡೆಲಿವರಿ ಹುಡುಗರಿಗೆ ಹೇಳಬೇಕು ನಮ್ಮ ಆ್ಯಪು,
ಅಂಡರ್‌ಪಾಸಿಗೆ ಇಳಿಯಬಹುದೋ
ಸುತ್ತಿಕೊಂಡು ಹೋಗಬೇಕೋ.

ಮೊದಲನೆಯದು ಕಡಲಾಚೆಯ ಕಂಪನಿ.
ಕೇಳಿದ ತಕ್ಷಣ ಉತ್ತರ, ಚುಕ್ಕೆಯ ಮುಂದೆ ನಾಲ್ಕು ಅಂಕಿ,
ಸಾವಿರ ಸಲ ಕೇಳಿದರೆ ಇಷ್ಟು ಡಾಲರು.
ಅದರ ಕಣ್ಣಿಗೆ ಯಲಹಂಕವೂ ಜಯನಗರವೂ ಒಂದೇ ಚೌಕ.
ನಮ್ಮೂರ ಮಳೆ ಹಾಗಲ್ಲವಲ್ಲ,
ರಸ್ತೆಯ ಈ ಬದಿ ಕೊಡೆ, ಆ ಬದಿ ಕೂಲಿಂಗ್ ಗ್ಲಾಸು.

ಎರಡನೆಯದು ಇಲಾಖೆಯದು, ಪುಕ್ಕಟೆ.
ಕಂಬದ ಮೇಲೊಂದು ಡಬ್ಬಿ, ಕಾಲು ಗಂಟೆಗೊಮ್ಮೆ ಲೆಕ್ಕ.
ಮೂರು ವಾರದಿಂದ ಒಂದೇ ಉತ್ತರ: ಸೊನ್ನೆ.
ಹೋಗಿ ನೋಡಿದೆ. ಡಬ್ಬಿಯ ಬಾಯಲ್ಲಿ ಪಾರಿವಾಳ
ತಂತಿ ಚೂರು, ಪೊರಕೆ ಕಡ್ಡಿ ಸೇರಿಸಿ
ನೀಟಾಗಿ ಸಂಸಾರ ಹೂಡಿತ್ತು.

ಅದೇ ಕಂಬದ ಬುಡದಲ್ಲಿ ದಸ್ತಗೀರನ ಪಂಚರ್ ಅಂಗಡಿ.
"ಅದನ್ನೇನು ನೋಡ್ತೀರ ಮೇಡಂ, ನನ್ನ ಕೇಳಿ.
ನೀರು ರಿಮ್ ಮುಟ್ಟಿದ್ರೆ ಹೋಗ್ಬಹುದು, ಕಾಲೆತ್ಕೊಂಡು.
ಸೈಲೆನ್ಸರ್ ಮುಳುಗಿದ್ರೆ ಬೇಡ.
ಆಟೋ ಸೀಟು ಮುಟ್ಟಿದ್ರೆ
ನಾನೇ ಹಗ್ಗ ಕಟ್ಟಿ ರಸ್ತೆ ಮುಚ್ತೀನಿ."

ಪ್ರಿಸಿಲ್ಲಾ ಕೇಳಿದಳು, ಅವಳ ಕೆಲಸವೇ ಕೇಳುವುದು:
ರಾತ್ರಿ ಎರಡಕ್ಕೆ ಉತ್ತರ ಕೊಡುವವರು ಯಾರು?
ಆತನಿಗೆ ಜ್ವರ ಬಂದರೆ? ಮಗಳ ಮದುವೆಗೆ ಹೋದರೆ?
ಮಧುಕೇಶ ಹೇಳಿದ, ನನ್ನ ಕಾಲಮ್ಮಿಗೆ ಅಂಕಿ ಬೇಕು,
ರಿಮ್ ಅಂದರೆ ಅದು ತೆಗೆದುಕೊಳ್ಳಲ್ಲ.

ಟೇಪು ಕೊಂಡುಹೋದೆ. ಒಂದು ತುದಿ ಅವನು ಹಿಡಿದ.
ರಿಮ್ಮು ಇಷ್ಟು, ಸೈಲೆನ್ಸರು ಇಷ್ಟು, ಸೀಟು ಇಷ್ಟು,
ಅಂಗೈ ಮೇಲೆ ಬರೆದುಕೊಂಡು ಬಂದೆ.
ಕರೆಗೆ ಹದಿನೈದು ರೂಪಾಯಿ ಅಂತ ಮಾತಾಯಿತು.
"ದುಡ್ಡು ಸರಿ. ನನ್ನ ಹೆಸರು ಬರುತ್ತಾ ಅದ್ರಲ್ಲಿ?"
ಬಂತು. ಕಡಲಾಚೆಯ ಕಂಪನಿಯ ಹೆಸರಿನ ಕೆಳಗೆ,
ಅದೇ ಸಣ್ಣ ಅಕ್ಷರದಲ್ಲಿ.

ಜೂನು, ಜುಲೈ, ಆಗಸ್ಟು ತಪ್ಪದೆ ಫೋನು ಎತ್ತಿದ.
ಸೆಪ್ಟೆಂಬರಿನ ಒಂದು ರಾತ್ರಿ ಎತ್ತಲಿಲ್ಲ.

ಉತ್ತರ ಬಾರದ ಮನೆ ಖಾಲಿ ಇರಬೇಕು.
ನಮ್ಮ ಕೋಡಿನ ಯಾವುದೋ ಸಂದಿಯಲ್ಲಿ
ಖಾಲಿ ಸೊನ್ನೆಯಾಗಿತ್ತು, ಸೊನ್ನೆ ಹಸಿರಾಗಿತ್ತು,
ಹಸಿರು, ಹೋಗಿ ಹೋಗಿ ಅನ್ನುತ್ತಿತ್ತು
ಬಿರಿಯಾನಿ ಹೊತ್ತ ಹುಡುಗರಿಗೆ.
ಒಂಬತ್ತು ನಲವತ್ತಕ್ಕೆ ಕಣ್ಣಿಗೆ ಬಿತ್ತು.
ನಡುಗುವ ಬೆರಳಲ್ಲಿ ಕೆಂಪು ಮಾಡಿದೆ.
ಅಷ್ಟರೊಳಗೆ ಇಬ್ಬರು ಇಳಿದಿದ್ದರು;
ಗಾಡಿ ಬಿಟ್ಟು, ಕಂಬಿ ಹಿಡಿದು ಹತ್ತಿ ಬಂದರಂತೆ.

ಬೆಳಗ್ಗೆ ಹೋದೆ. ಕಂಪ್ರೆಸರಿನ ಮೇಲೆ ಕೆಸರಿನ ಗೆರೆ,
ಟ್ಯೂಬುಗಳು ಹಗ್ಗದ ಮೇಲೆ ಒಣಗುತ್ತಿದ್ದವು,
ಫೋನು ಅಕ್ಕಿ ಡಬ್ಬಿಯೊಳಗೆ.
"ನಿನ್ನೆ ಎಷ್ಟು ಅಂತ ಬರೆದ್ರಿ ಮೇಡಂ?"
ನಾನು ಹೇಳಲಿಲ್ಲ.
ಅವನು ಗೋಡೆಗೆ ಕೈ ಹಚ್ಚಿ ಅಳೆದ:
"ಸೀಟಿನ ಮೇಲೆ ಒಂದು ಗೇಣು. ಬರ್ಕೊಳ್ಳಿ.
ಇದಕ್ಕೆ ಹದಿನೈದು ಬೇಡ."